ಬೇಲಿಯೇ ಎದ್ದು ಹೊಲ ಮೇಯ್ದಾಗ

ವಿಷವೆಂದರೆ ಹುಟ್ಟಿನಿಂದಲೇ ವಿಷ, ಒಳಹೊಕ್ಕ ಗಳಿಗೆಯಿಂದಲೇ ಅದು ಕೇಡು ಮಾಡತಕ್ಕದ್ದು ಎಂಬುದು ಲೋಕದ ಸಾಮಾನ್ಯ ನಂಬಿಕೆ. ಹಾವಿನ ನಂಜಿಗಾಗಲಿ ಪಾಷಾಣಕ್ಕಾಗಲಿ ಈ ಮಾತು ಒಪ್ಪುವುದು ನಿಜ. ಆದರೆ ರಸಾಯನ ಪ್ರಪಂಚದಲ್ಲಿ ಇನ್ನೊಂದು ಬಗೆಯ ಪದಾರ್ಥಗಳೂ ಉಂಟು. ಅವು ಶರೀರವನ್ನು ಪ್ರವೇಶಿಸುವಾಗ ಪರಮ ಸಾಧುಗಳಂತೆಯೇ ಇರುತ್ತವೆ. ಯಾವ ಜೀವಕೋಶದ ತಂಟೆಗೂ ತಾವಾಗಿ ಹೋಗುವುದಿಲ್ಲ. ಶರೀರವೇ ಅವುಗಳನ್ನು ಹೊರಗಟ್ಟಬೇಕೆಂಬ ಸದುದ್ದೇಶದಿಂದ ಕೈಯಿಟ್ಟಾಗ ಮಾತ್ರ ಅವು ತಮ್ಮ ರಾಕ್ಷಸರೂಪವನ್ನು ತಾಳುತ್ತವೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆಯನ್ನು ಕಟ್ಟಿದ ಹಿರಿಯರಿಗೆ ನೈಟ್ರೊಸಮೀನ್ ಎಂಬ ಹೆಸರು ತಿಳಿದಿರಲಿಲ್ಲ. ತಿಳಿದಿದ್ದರೆ ಆ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ಅವರು ಹುಡುಕುವ ಅಗತ್ಯವಿರುತ್ತಿರಲಿಲ್ಲ.

ನೈಟ್ರೊಸಮೀನ್ ಎಂಬುದು ಒಂದೇ ವಸ್ತುವಿನ ಹೆಸರಲ್ಲ. ಅದೊಂದು ದೊಡ್ಡ ಕುಲದ ಹೆಸರು. ಮಾಂಸ, ಮೀನು, ಸಸ್ಯ, ಔಷಧ ಮುಂತಾದುವುಗಳಲ್ಲಿ ಅಮೀನ್ ಎಂಬ ಸಾರಜನಕದ ಸಂಯುಕ್ತಗಳಿರುತ್ತವೆ. ಮಾಂಸ ಮೀನುಗಳು ಕೆಡದಂತೆ ಬೆರೆಸುವ ನೈಟ್ರೈಟ್ ಎಂಬ ಲವಣವೂ ಸಾರಜನಕದ್ದೇ. ಅನುಕೂಲವಾದ ಆಮ್ಲವೋ ಶಾಖವೋ ದೊರೆತಾಗ ಇವೆರಡೂ ಕೂಡುತ್ತವೆ. ಆಗ ಹುಟ್ಟುವುದೇ ನೈಟ್ರೊಸಮೀನ್. ಈ ಕುಲದಲ್ಲಿ ಅತ್ಯಂತ ಚಿಕ್ಕದಾದ ಡೈಮೀಥೈಲ್‌ನೈಟ್ರೊಸಮೀನ್ ನಸುಹಳದಿ ಬಣ್ಣದ ದ್ರವ. ನೀರಿನಲ್ಲಿ ಸಲೀಸಾಗಿ ಬೆರೆಯುತ್ತದೆ. ಬೆಳಕು ತಾಗದಂತೆ ಮುಚ್ಚಿಟ್ಟರೆ ಬಹುಕಾಲ ಮಾರ್ಪಡದೆ ಉಳಿಯುತ್ತದೆ. ಇಷ್ಟು ತೆಪ್ಪಗಿರುವ ವಸ್ತುವಿನ ಮೇಲೆ ಯಾರಿಗೆ ತಾನೆ ಸಂಶಯ ಬಂದೀತು?

ಮೊದಲ ಸುಳಿವು

ಸಂಶಯ ಬಂದದ್ದು ಇಂಗ್ಲೆಂಡಿನಲ್ಲಿ. ಕೈಗಾರಿಕಾ ಸಂಶೋಧನಾಲಯವೊಂದರಲ್ಲಿ ಈ ದ್ರವವನ್ನು ಇತರ ವಸ್ತುಗಳನ್ನು ಕರಗಿಸುವುದಕ್ಕಾಗಿ ಉಪಯೋಗಿಸುತ್ತಿದ್ದರು. ಅಲ್ಲಿ ಅದನ್ನು ಬಳಸುತ್ತಿದ್ದ ಮೂವರಲ್ಲಿ ಇಬ್ಬರ ಯಕೃತ್ತು ಗಡುಸಾಗಿ ಕೆಟ್ಟುಹೋಯಿತು. ಲಂಡನ್ನಿನ ದಕ್ಷಿಣಕ್ಕಿರುವ ಕಾರ್ಶಾಲ್ಟನ್ ಎಂಬ ಊರಿನಲ್ಲಿ ಆಗ ಬ್ರಿಟಿಷ್ ವೈದ್ಯಕೀಯ ಸಂಶೋಧನಾ ಮಂಡಲಿಯ ವಿಷಶಾಸ್ತ್ರ ವಿಭಾಗವಿತ್ತು. ಅಲ್ಲಿನ ಜಾನ್ ಬಾರ್ನ್ಸ್ ಮತ್ತು ಪೀಟರ್ ಮೆಗೀ ಎಂಬ ವಿಜ್ಞಾನಿಗಳು ಪ್ರಾಣಿಗಳ ಮೇಲೆ ಪರೀಕ್ಷೆ ನಡೆಸಿ, ಡೈಮೀಥೈಲ್‌ನೈಟ್ರೊಸಮೀನ್ ಯಕೃತ್ತಿನ ಕೋಶಗಳನ್ನು ಸಾಯಿಸುವುದೆಂದು ೧೯೫೪ರಲ್ಲಿ ಪ್ರಕಟಿಸಿದರು.

ಅಲ್ಲಿಗೆ ಅವರು ನಿಲ್ಲಿಸಿದ್ದರೆ ಕಾರ್ಖಾನೆಗಳಿಗೆ ಒಂದು ಎಚ್ಚರಿಕೆಯ ಮಾತು ದೊರಕಿ ಕಥೆ ಮುಗಿಯುತ್ತಿತ್ತು. ಅವರು ನಿಲ್ಲಿಸಲಿಲ್ಲ. ಹತ್ತು ಲಕ್ಷ ಭಾಗ ಆಹಾರಕ್ಕೆ ೫೦ ಭಾಗದಂತೆ ಅದನ್ನು ಬೆರೆಸಿ ಬಿಳಿ ಇಲಿಗಳಿಗೆ ದಿನವೂ ತಿನ್ನಿಸಿದರು. ೨೬ರಿಂದ ೪೦ ವಾರಗಳ ಅವಧಿಯಲ್ಲಿ ೨೦ ಇಲಿಗಳ ಪೈಕಿ ೧೯ಕ್ಕೆ ಯಕೃತ್ತಿನ ಕ್ಯಾನ್ಸರ್ ಗಡ್ಡೆಗಳೆದ್ದವು. ೧೯೫೬ರಲ್ಲಿ ಈ ವಾರ್ತೆ ಹೊರಬಿದ್ದಾಗ ಕ್ಯಾನ್ಸರ್ ಸಂಶೋಧಕರು ಬೆರಗಾದರು. ಅದಕ್ಕೆ ಕಾರಣವೂ ಇತ್ತು. ೧೯೧೫ರಲ್ಲಿ ಜಪಾನಿನ ಯಾಮಾಗಿವಾ ಮತ್ತು ಇಚಿಕಾವಾ ಎಂಬುವರು ಮೊಲದ ಕಿವಿಗೆ ಕಲ್ಲಿದ್ದಲಿನ ಡಾಂಬರನ್ನು ತಿಂಗಳುಗಟ್ಟಲೆ ಬಳಿದು ಕ್ಯಾನ್ಸರ್ ಬರಿಸಿದ್ದರು. ಆ ಡಾಂಬರಿನಲ್ಲಿದ್ದ ವಿಷಗಳು ಭಾರಿ ಅಣುಗಳು, ನೀರಿನಲ್ಲಿ ಕರಗದವು, ಬಳಿದೆಡೆಯಲ್ಲೇ ಕುಳಿತು ಕೆಲಸ ಮಾಡುವಂಥವು. ಇದೋ, ಹನ್ನೊಂದೇ ಪರಮಾಣುಗಳ ಪುಟ್ಟ ಅಣು, ನೀರಿನಲ್ಲಿ ಕರಗುವುದು, ಎಲ್ಲಿಯೂ ಕುಳಿತುಕೊಳ್ಳದು. ಇಂಥದೊಂದು ವಸ್ತು ಇಲಿಯ ಬಾಯಿಂದ ಹೊಕ್ಕು ಜಠರವನ್ನೂ ಕರುಳನ್ನೂ ಬಿಟ್ಟು ಯಕೃತ್ತನ್ನೇ ಆರಿಸಿಕೊಂಡದ್ದು ಏಕೆ?

ಎಲ್ಲಿಗೆ ಹೋಯಿತು?

ಉತ್ತರಕ್ಕಾಗಿ ಮೊದಲು ಕೇಳಬೇಕಾದ ಪ್ರಶ್ನೆ ಅತಿ ಸರಳವಾದದ್ದು: ತಿನ್ನಿಸಿದ ನೈಟ್ರೊಸಮೀನ್ ಏನಾಯಿತು? ಮೆಗೀ ಲೆಕ್ಕ ಹಾಕಿ ನೋಡಿದರು. ಒಂದು ದಿನ ಕಳೆಯುವಷ್ಟರಲ್ಲಿ ಇಲಿಯ ಶರೀರದಲ್ಲಿ ಅದು ಹೆಚ್ಚುಕಡಿಮೆ ಮಾಯವಾಗಿತ್ತು. ಮೂತ್ರದಲ್ಲಿ ಹೊರಬಿದ್ದ ಪ್ರಮಾಣ ಅತ್ಯಲ್ಪ. ಹಾಗಾದರೆ ಶರೀರವೇ ಅದನ್ನು ಒಡೆದಿರಬೇಕು. ಡಟನ್ ಮತ್ತು ಹೀತ್ ಎಂಬುವರು ಆ ಅಣುವಿನ ಇಂಗಾಲಕ್ಕೆ ವಿಕಿರಣಶೀಲತೆಯ ಗುರುತು ಹಚ್ಚಿ ಇಲಿಗಳಿಗೂ ಸುಂಡಿಲಿಗಳಿಗೂ ಕೊಟ್ಟರು. ಕೆಲವೇ ಗಂಟೆಗಳಲ್ಲಿ ಗುರುತುಳ್ಳ ಇಂಗಾಲದ ಬಹುಭಾಗ ಉಸಿರಿನೊಡನೆ ಇಂಗಾಲದ ಡೈಆಕ್ಸೈಡಿನ ರೂಪದಲ್ಲಿ ಹೊರಬಂದಿತು. ಸೌದೆ ಒಲೆಯಲ್ಲಿ ಉರಿದು ಹೊಗೆಯಾಗಿ ಹೋಗುವಂತೆ ನೈಟ್ರೊಸಮೀನ್ ಪ್ರಾಣಿಯ ಒಡಲಲ್ಲಿ ಉರಿದುಹೋಗಿತ್ತು.

ಒಲೆ ಯಾವ ಅಂಗದಲ್ಲಿದೆ ಎಂಬುದನ್ನು ತಿಳಿಯಲು ಶರೀರಶಾಸ್ತ್ರಜ್ಞರ ಬಳಿ ಒಂದು ಹಳೆಯ ಉಪಾಯವಿತ್ತು. ಆಗತಾನೆ ಸತ್ತ ಪ್ರಾಣಿಯ ಅಂಗವನ್ನು ತೀರ ತೆಳುವಾದ ಬಿಲ್ಲೆಗಳಾಗಿ ಕತ್ತರಿಸಿ, ಉಪ್ಪುನೀರಿನ ಕುಪ್ಪಿಯಲ್ಲಿ ದೇಹದ ಶಾಖಕ್ಕೆ ಸರಿಯಾಗಿ ಬೆಚ್ಚಗಿಟ್ಟು, ಆಮ್ಲಜನಕವನ್ನು ಒದಗಿಸಿದರೆ ಆ ಬಿಲ್ಲೆಗಳು ಕೆಲವು ಗಂಟೆಗಳ ಕಾಲ ಜೀವಂತವಾಗಿಯೇ ಕೆಲಸ ಮಾಡುತ್ತವೆ. ಕುಪ್ಪಿಗೆ ನೈಟ್ರೊಸಮೀನನ್ನು ಹಾಕಿ, ಏಳುವ ಅನಿಲವನ್ನು ಕ್ಷಾರದಲ್ಲಿ ಹಿಡಿದು ಅಳೆದರೆ ಯಾವ ಅಂಗ ಎಷ್ಟು ಒಡೆಯಿತೆಂಬುದು ತಿಳಿಯುತ್ತದೆ. ಈ ಪರೀಕ್ಷೆಯಲ್ಲಿ ಯಕೃತ್ತೇ ಮುಂದಾಳು ಎಂಬುದು ಖಚಿತವಾಯಿತು. ಮೂತ್ರಪಿಂಡಕ್ಕೆ ಎರಡನೆಯ ಸ್ಥಾನ, ಅದೂ ಬಹಳ ಹಿಂದೆ. ಆಮ್ಲಜನಕವನ್ನು ತಪ್ಪಿಸಿದರೆ ಕೆಲಸವೇ ನಡೆಯದು. ಗಡ್ಡೆ ಎಲ್ಲಿ ಎದ್ದಿತ್ತೋ ಒಲೆಯೂ ಅಲ್ಲೇ ಉರಿಯುತ್ತಿತ್ತು.

ಯಕೃತ್ತಿನ ಈ ಶಕ್ತಿ ಏನೂ ಕೆಡುಕಿನದಲ್ಲ. ತಿಂದುದರಲ್ಲಿ ಸೇರಿಬರುವ ಸಾವಿರಾರು ಪರಕೀಯ ಪದಾರ್ಥಗಳನ್ನು ಮೂತ್ರದಲ್ಲಿ ಕರಗಿ ಹೋಗುವಂತೆ ಮಾರ್ಪಡಿಸುವುದು ಅದರ ನಿತ್ಯದ ಕಾಯಕ. ಕರುಳಿನಿಂದ ಹೊರಟ ರಕ್ತವೆಲ್ಲ ಮೊದಲು ಯಕೃತ್ತಿನ ಸುಂಕದಕಟ್ಟೆಯನ್ನು ದಾಟಿಯೇ ಹೃದಯಕ್ಕೆ ಹೋಗಬೇಕು. ಅಲ್ಲಿ ತಪಾಸಣೆ ಮಾಡುವ ಅಧಿಕಾರಿಗಳೆಂದರೆ ಕಿಣ್ವಗಳು. ಅವುಗಳಲ್ಲಿ ಪಿ-೪೫೦ ಎಂಬ ಹೆಸರಿನ ಒಂದು ಬಳಗ ಪ್ರಧಾನವಾದದ್ದು. ಜಪಾನಿನ ಒಮುರಾ ಮತ್ತು ಸಾಟೊ ೧೯೬೨ರಲ್ಲಿ ಇದಕ್ಕೆ ಈ ಹೆಸರನ್ನಿಟ್ಟರು. ಪರಕೀಯ ಅಣುವಿಗೆ ಒಂದು ಆಮ್ಲಜನಕದ ಪರಮಾಣುವನ್ನು ಅಂಟಿಸುವುದೇ ಈ ಬಳಗದ ಕೆಲಸ. ನೂರಕ್ಕೆ ತೊಂಬತ್ತು ಪ್ರಸಂಗಗಳಲ್ಲಿ ಇದರಿಂದ ಒಳಿತೇ ಆಗುತ್ತದೆ ಎನ್ನಬಹುದು. ನೈಟ್ರೊಸಮೀನಿನ ವಿಷಯದಲ್ಲಿ ಮಾತ್ರ ಮುದ್ರೆಯೊತ್ತಿದ್ದ ಗಂಟನ್ನು ಅಧಿಕಾರಿಯೇ ಬಿಚ್ಚಿ ಒಳಗಿದ್ದ ಕಿಡಿಯನ್ನು ಹೊರಕ್ಕೆ ಬಿಟ್ಟಂತಾಗುತ್ತದೆ.

ಕಿಡಿ ಹಾರುವ ಬಗೆ

ಇದು ನಡೆಯುವ ಕ್ರಮ ಹೀಗೆ: ಡೈಮೀಥೈಲ್‌ನೈಟ್ರೊಸಮೀನಿನ ಎರಡು ತುದಿಗಳಲ್ಲಿ ಎರಡು ಮೀಥೈಲ್ ಗುಂಪುಗಳಿವೆ, ಒಂದು ಇಂಗಾಲ, ಮೂರು ಜಲಜನಕ ಸೇರಿದರೆ ಒಂದು ಮೀಥೈಲ್. ಕಿಣ್ವವು ಒಂದು ಮೀಥೈಲಿಗೆ ಆಮ್ಲಜನಕವನ್ನು ಅಂಟಿಸಿದೊಡನೆ ಅಣುವಿನ ಸಮತೋಲ ತಪ್ಪುತ್ತದೆ. ಆ ತುದಿ ಫಾರ್ಮಾಲ್ಡಿಹೈಡ್ ಎಂಬ ವಸ್ತುವಾಗಿ ಕಳಚಿಕೊಂಡು, ಮುಂದೆ ಉರಿದು ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಉಳಿದ ತುಂಡು ಕ್ಷಣಕಾಲವೂ ನಿಲ್ಲಲಾರದು. ಅದರಲ್ಲಿನ ಎರಡು ಸಾರಜನಕದ ಪರಮಾಣುಗಳು ಜೊತೆಗೂಡಿ ಅನಿಲವಾಗಿ ಹಾರಿಹೋಗುತ್ತವೆ. ಕೊನೆಗೆ ಒಂಟಿಯಾಗಿ ಉಳಿದ ಎರಡನೆಯ ಮೀಥೈಲ್ ಹಸಿದ ಹುಲಿಯಂತೆ ಹತ್ತಿರ ಸಿಕ್ಕಿದುದಕ್ಕೆ ಬಾಯಿ ಹಾಕುತ್ತದೆ. ಸಿಕ್ಕಿದ್ದು ನೀರಾದರೆ ಹಾನಿಯಿಲ್ಲ. ಸಿಕ್ಕಿದ್ದು ಜೀವಕೋಶದ ಡಿ.ಎನ್.ಎ. ಆದರೆ ಅಲ್ಲಿ ಒಂದು ಕಳಂಕ ಉಳಿಯುತ್ತದೆ. ೧೯೬೨ರಲ್ಲಿ ಮೆಗೀ ಮತ್ತು ಫಾರ್ಬರ್ ಎಂಬುವರು ಇಲಿಯ ಯಕೃತ್ತಿನ ನ್ಯೂಕ್ಲಿಯಿಕ್ ಆಮ್ಲಗಳಲ್ಲಿ ಈ ಕಳಂಕವನ್ನು ಕಣ್ಣಾರೆ ತೋರಿಸಿಕೊಟ್ಟರು.

ಡಿ.ಎನ್.ಎ. ಎಂಬುದು ತಂದೆತಾಯಿಗಳಿಂದ ಮಕ್ಕಳಿಗೆ, ಕೋಶದಿಂದ ಕೋಶಕ್ಕೆ ಸಾಗಿಬರುವ ಗ್ರಂಥವೆಂದು ವಾಚಕರು ಬಲ್ಲರು. ಅದರ ಲಿಪಿಯಲ್ಲಿ ನಾಲ್ಕೇ ಅಕ್ಷರಗಳು. ಒಂದೊಂದಕ್ಕೂ ಎದುರಿನ ಸಾಲಿನಲ್ಲಿ ಗೊತ್ತಾದ ಒಬ್ಬ ಜೊತೆಗಾರ. ಗ್ವಾನಿನ್ ಎಂಬ ಅಕ್ಷರದ ಎದುರಿಗೆ ಸೈಟೊಸಿನ್ ಕೂರಬೇಕೆಂಬುದು ನಿಯಮ. ಮೀಥೈಲು ಗ್ವಾನಿನ್ನಿನ ಹಲವು ಕಡೆಗಳಲ್ಲಿ ಅಂಟಬಲ್ಲದು. ಮೊದಲು ಕಂಡದ್ದು, ಹೆಚ್ಚಾಗಿ ಕಾಣುವುದು, ಅದರ ಏಳನೆಯ ಸ್ಥಾನದ ಸಾರಜನಕಕ್ಕೆ ಅಂಟಿದ ಕಳಂಕ. ಆದರೆ ಅದು ಅಷ್ಟೊಂದು ಅಪಾಯಕರವಲ್ಲ. ಆರನೆಯ ಸ್ಥಾನದ ಆಮ್ಲಜನಕಕ್ಕೆ ಅಂಟಿದ ಕಳಂಕ ಪ್ರಮಾಣದಲ್ಲಿ ಕಡಮೆಯಾದರೂ ಗುಣದಲ್ಲಿ ಘೋರವಾದದ್ದೆಂದು ಲಂಡನ್ನಿನ ಲವ್‌ಲೆಸ್ ೧೯೬೯ರಲ್ಲಿ ತೋರಿಸಿದರು. ಹಾಗೆ ಕಳಂಕಿತವಾದ ಗ್ವಾನಿನ್ ತನ್ನ ಜೊತೆಗಾರನನ್ನು ಮರೆತು ಥೈಮಿನ್ ಎಂಬ ಬೇರೊಂದು ಅಕ್ಷರದ ಕೈಹಿಡಿಯುತ್ತದೆ.

ತಾಳೆಗರಿಯ ಗ್ರಂಥವನ್ನು ಪ್ರತಿ ಮಾಡುತ್ತಿದ್ದ ಹಿಂದಿನ ಲಿಪಿಕಾರರನ್ನು ನೆನೆಯಬಹುದು. ಮೂಲ ಪ್ರತಿಯಲ್ಲಿ ಮಸಿಯ ಕಲೆ ಬಿದ್ದು 'ಮ'ಕಾರ 'ವ'ಕಾರದಂತೆ ಕಂಡರೆ ಲಿಪಿಕಾರನು 'ವ' ಎಂದೇ ಬರೆಯುವನು. ಮುಂದಿನವನಿಗೆ ಕಲೆ ಕಾಣುವುದಿಲ್ಲ. ತಪ್ಪಕ್ಷರವೇ ಶುದ್ಧ ಪಾಠವಾಗಿ ಕಾಣುತ್ತದೆ. ಜೀವಕೋಶ ಎರಡಾಗಿ ಒಡೆಯುವಾಗ ನಡೆಯುವುದೂ ಇದೇ. ಕಳಂಕ ಒಂದು ದಿನದ್ದಾದರೂ ಅಕ್ಷರದ ತಪ್ಪು ಶಾಶ್ವತ. ಕೋಶದ ಬೆಳವಣಿಗೆಗೆ ಕಡಿವಾಣ ಹಾಕುವ ಅಧ್ಯಾಯದಲ್ಲಿ ಇಂಥ ತಪ್ಪುಗಳು ಒಂದರ ಮೇಲೊಂದು ಸೇರಿದರೆ ಆ ಕೋಶ ಲಗಾಮಿಲ್ಲದ ಕುದುರೆಯಾಗುತ್ತದೆ. ನೈಟ್ರೊಸಮೀನ್ ಒಂದೇ ದಿನದಲ್ಲಿ ಮಾಯವಾದರೂ ಗಡ್ಡೆ ತಿಂಗಳುಗಳಾದ ಮೇಲೆ ಏಳುವುದರ ರಹಸ್ಯ ಇಲ್ಲಿದೆ.

ಈ ತತ್ತ್ವ ನೈಟ್ರೊಸಮೀನಿಗೆ ಮಾತ್ರ ಮೀಸಲಾದುದಲ್ಲ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಜೇಮ್ಸ್ ಮಿಲ್ಲರ್ ಮತ್ತು ಎಲಿಜಬೆತ್ ಮಿಲ್ಲರ್ ದಂಪತಿಗಳು ೧೯೪೭ರಲ್ಲಿಯೇ, ಕ್ಯಾನ್ಸರ್ ತರುವ ಒಂದು ಹಳದಿ ಬಣ್ಣವು ಇಲಿಯ ಯಕೃತ್ತಿನ ಪ್ರೋಟೀನುಗಳಿಗೆ ಅಂಟಿಕೊಳ್ಳುವುದನ್ನು ಕಂಡಿದ್ದರು. ಕ್ಯಾನ್ಸರ್‌ಕಾರಕಗಳಲ್ಲಿ ಬಹುಪಾಲು ಶರೀರದ ಕೈಯಲ್ಲಿ ಮಾರ್ಪಟ್ಟ ಮೇಲೆಯೇ ಉಗ್ರವಾಗುತ್ತವೆಂಬುದು ಅವರ ದೀರ್ಘಕಾಲದ ದುಡಿಮೆಯ ಫಲವಾಗಿ ಸ್ಥಿರಪಟ್ಟಿತು.

ಒಂದೊಂದು ಅಂಗಕ್ಕೆ ಒಂದೊಂದು ಶತ್ರು

ಜರ್ಮನಿಯ ಡ್ರುಕ್ರೇ, ಪ್ರಾಯ್ಸ್‌ಮನ್ ಮತ್ತು ಸಂಗಡಿಗರು ಈ ಕುಲದ ೬೫ ವಸ್ತುಗಳನ್ನು ಇಲಿಗಳ ಮೇಲೆ ಪರೀಕ್ಷಿಸಿ ೧೯೬೭ರಲ್ಲಿ ಪ್ರಕಟಿಸಿದ ವರದಿ ಓದಿದವರನ್ನು ಇನ್ನಷ್ಟು ಚಕಿತಗೊಳಿಸಿತು. ಎರಡು ತುದಿಗಳೂ ಒಂದೇ ತೆರನಾಗಿರುವ ಸರಳ ನೈಟ್ರೊಸಮೀನುಗಳು ಸಾಮಾನ್ಯವಾಗಿ ಯಕೃತ್ತಿನಲ್ಲಿ ಕ್ಯಾನ್ಸರ್ ತಂದವು. ತುದಿಗಳು ಬೇರೆ ಬೇರೆಯಾದಾಗ ಅನೇಕವು ಅನ್ನನಾಳವನ್ನು ಹಿಡಿದವು. ಅವುಗಳನ್ನು ಬಾಯಲ್ಲಿ ಕೊಡದೆ ಸೂಜಿಯ ಮೂಲಕ ರಕ್ತಕ್ಕೆ ಕೊಟ್ಟರೂ ಗಡ್ಡೆ ಎದ್ದದ್ದು ಅನ್ನನಾಳದಲ್ಲೇ! ತಗಲಿದ ಜಾಗದಲ್ಲಿ ರೋಗ ಎಂಬ ಹಳೆಯ ಲೆಕ್ಕ ಇಲ್ಲಿ ನಿಲ್ಲಲಿಲ್ಲ. ಆಯಾ ಅಂಗದ ಅಂಗಾಂಶದಲ್ಲಿ ಯಾವ ಕಿಣ್ವಗಳಿವೆ, ಅವು ಯಾವ ಗಂಟನ್ನು ಬಿಚ್ಚಬಲ್ಲವು ಎಂಬುದೇ ನಿರ್ಣಾಯಕವಾಯಿತು. ಬೀಗದ ಕೈ ಯಾರ ಸೊಂಟದಲ್ಲಿದೆಯೋ ಅವರ ಮನೆಯಲ್ಲೇ ಕಳವು ಎಂಬಂತಾಯಿತು.

ಆದರೆ ಬೀಗದ ಕೈಯೊಂದೇ ಸಾಲದು. ನೈಟ್ರೊಸಮೀನಿನ ದಾಯಾದಿಗಳಾದ ನೈಟ್ರೊಸೊಯೂರಿಯಾಗಳಿಗೆ ಯಾವ ಕಿಣ್ವದ ಸಹಾಯವೂ ಬೇಡ. ಅವು ಶರೀರದ ಎಲ್ಲೆಡೆಯೂ ತಾವೇ ಬಿಚ್ಚಿಕೊಂಡು ಎಲ್ಲ ಅಂಗಗಳ ಡಿ.ಎನ್.ಎ.ಗೂ ಕಲೆ ಹಚ್ಚುತ್ತವೆ. ಆದರೂ ಎಳೆಯ ಇಲಿಗಳಿಗೆ ಎಥೈಲ್ ನೈಟ್ರೊಸೊಯೂರಿಯಾ ಕೊಟ್ಟಾಗ ಕ್ಯಾನ್ಸರ್ ಬಂದದ್ದು ಮುಖ್ಯವಾಗಿ ಮೆದುಳು ಮತ್ತು ನರಗಳಿಗೆ. ೧೯೭೪ರಲ್ಲಿ ಗೋಥ್ ಮತ್ತು ರಯೆವ್‌ಸ್ಕಿ ಎಂಬ ಜರ್ಮನ್ ವಿಜ್ಞಾನಿಗಳು ಇದರ ಒಗಟನ್ನು ಬಿಡಿಸಿದರು. ಕಲೆ ಬಿದ್ದದ್ದು ಯಕೃತ್ತಿಗೂ ಮೆದುಳಿಗೂ ಸರಿಸಮವಾಗಿಯೇ. ಯಕೃತ್ತು ಬೇಗನೆ ತೊಳೆದುಕೊಂಡಿತು, ಮೆದುಳಿನಲ್ಲಿ ಕಲೆ ಬಹುಕಾಲ ಹಾಗೆಯೇ ಉಳಿಯಿತು.

ತೊಳೆಯುವ ಕೆಲಸ ಮಾಡುವ ಪ್ರೋಟೀನಿನ ನಡತೆಯೂ ವಿಚಿತ್ರವಾದುದೇ. ಅದು ಗ್ವಾನಿನ್ನಿಗೆ ಅಂಟಿದ ಮೀಥೈಲನ್ನು ಕಿತ್ತು ತನ್ನ ಮೈಗೇ ಅಂಟಿಸಿಕೊಳ್ಳುತ್ತದೆ; ಅದರೊಡನೆ ಅದರ ಆಯುಸ್ಸೂ ಮುಗಿಯುತ್ತದೆ. ಒಂದು ಕಲೆಗೆ ಒಂದು ಪ್ರೋಟೀನಿನ ಬಲಿ. ೧೯೮೦ರಲ್ಲಿ ಸೂಕ್ಷ್ಮಾಣುಗಳಲ್ಲಿ ಇದನ್ನು ಕಂಡವರು ಒಲ್ಸನ್ ಮತ್ತು ಲಿಂಡಾಲ್. ಡಿ.ಎನ್.ಎ.ಯ ದುರಸ್ತಿಯ ಬಗೆಗಿನ ಸಂಶೋಧನೆಗಳಿಗಾಗಿ ತೋಮಸ್ ಲಿಂಡಾಲ್ ಅವರಿಗೆ ೨೦೧೫ರಲ್ಲಿ ನೊಬೆಲ್ ಬಹುಮಾನದ ಪಾಲು ದೊರಕಿತು. ಹೀಗೆ ಯಾವ ಅಂಗಕ್ಕೆ ಗಂಡಾಂತರ ಎಂಬುದು ಎರಡು ಲೆಕ್ಕಗಳ ಮೇಲೆ ನಿಂತಿದೆ: ವಿಷವನ್ನು ಬಿಚ್ಚುವ ಶಕ್ತಿ ಎಷ್ಟು? ಬಿದ್ದ ಕಲೆಯನ್ನು ತೊಳೆಯುವ ಶಕ್ತಿ ಎಷ್ಟು? ಮೊದಲನೆಯದು ಹೆಚ್ಚಾಗಿ ಎರಡನೆಯದು ಸಾಲದೆ ಬಂದಲ್ಲಿ ಕ್ಯಾನ್ಸರಿಗೆ ಎಡೆಯಾಗುತ್ತದೆ.

ಸುಂಕದಕಟ್ಟೆ ಮಲಗಿದರೆ

ಯಕೃತ್ತು ವಿಷವನ್ನು ಬಿಚ್ಚದೆ ಸುಮ್ಮನಿದ್ದರೆ ಲೇಸಲ್ಲವೇ ಎಂದು ಯಾರಾದರೂ ಕೇಳಬಹುದು. ಆ ಪ್ರಯೋಗವೂ ನಡೆದಿದೆ. ಪ್ರೋಟೀನ್ ಇಲ್ಲದ ಆಹಾರವನ್ನು ಕೆಲವು ದಿನ ತಿಂದ ಇಲಿಯ ಯಕೃತ್ತಿನಲ್ಲಿ ಕಿಣ್ವಗಳು ಕುಗ್ಗಿಹೋಗುತ್ತವೆ. ಅಂಥ ಇಲಿಗಳಿಗೆ ಡೈಮೀಥೈಲ್‌ನೈಟ್ರೊಸಮೀನ್ ಕೊಟ್ಟಾಗ, ಪುಷ್ಟವಾದ ಇಲಿಗಳು ಸತ್ತುಹೋಗುವಷ್ಟು ಪ್ರಮಾಣದಲ್ಲಿಯೂ ಅವು ಬದುಕಿಕೊಂಡವು. ಯಕೃತ್ತು ಉಳಿಯಿತು. ಆದರೆ ಅಲ್ಲಿ ತಡೆಯಿಲ್ಲದೆ ದಾಟಿದ ವಿಷ ಮೂತ್ರಪಿಂಡಗಳನ್ನು ಸೇರಿ ಅಲ್ಲಿ ಬಿಚ್ಚಿಕೊಂಡಿತು. ಬದುಕಿದ ಇಲಿಗಳಿಗೆ ಮುಂದೆ ಕಾದಿದ್ದದ್ದು ಮೂತ್ರಪಿಂಡದ ಗಡ್ಡೆಗಳು.

೧೯೭೭ರಲ್ಲಿ ಡಯಾಜ್ ಗೋಮೆಜ್, ಸ್ವಾನ್ ಮತ್ತು ಮೆಗೀ ಅವರು ಇನ್ನೊಂದು ಸಂಗತಿಯನ್ನು ತಿಳಿಸಿದರು. ಬಾಯಲ್ಲಿ ಕೊಟ್ಟ ಪ್ರಮಾಣ ತೀರ ಅಲ್ಪವಾಗಿದ್ದರೆ ಯಕೃತ್ತು ಅದನ್ನು ಮೊದಲ ಸುತ್ತಿನಲ್ಲೇ ಹಿಡಿದು ಮುಗಿಸಿಬಿಡುತ್ತದೆ. ಮುಂದಿನ ಅಂಗಗಳಿಗೆ ದಾಟುವುದು ಬಹಳ ಕಡಮೆ. ಪ್ರಮಾಣ ಹೆಚ್ಚಿದಾಗ ಕಟ್ಟೆ ಮೀರಿ ಹರಿಯುತ್ತದೆ. ಅಂದರೆ ಯಕೃತ್ತು ಇತರ ಅಂಗಗಳಿಗೆ ಬರಬೇಕಾದ ಪೆಟ್ಟನ್ನು ತನ್ನ ಮೈಮೇಲೆ ತೆಗೆದುಕೊಳ್ಳುತ್ತಿದೆ. ಸ್ವಾನ್ ಮತ್ತು ಸಂಗಡಿಗರು ೧೯೮೪ರಲ್ಲಿ ಇದೇ ಪರೀಕ್ಷೆಗೆ ಮದ್ಯಸಾರವನ್ನು ಸೇರಿಸಿ ನೋಡಿದರು. ನೈಟ್ರೊಸಮೀನನ್ನು ಬಿಚ್ಚುವ ಕಿಣ್ವವೇ ಮದ್ಯಸಾರವನ್ನೂ ಬಿಚ್ಚತಕ್ಕದ್ದು. ಎರಡೂ ಒಟ್ಟಿಗೆ ಬಂದಾಗ ಯಕೃತ್ತಿನ ಕಿಣ್ವಕ್ಕೆ ಕೈ ಬಿಡುವಿಲ್ಲದೆ ನೈಟ್ರೊಸಮೀನ್ ಮುಂದಕ್ಕೆ ದಾಟಿತು. ಡೈಮೀಥೈಲ್ ಜಾತಿಯದು ಮೂತ್ರಪಿಂಡದಲ್ಲಿ, ಡೈಎಥೈಲ್ ಜಾತಿಯದು ಅನ್ನನಾಳದಲ್ಲಿ ಹೆಚ್ಚು ಕಲೆ ಹಚ್ಚಿತು. ಹೊಗೆಸೊಪ್ಪು ಮತ್ತು ಮದ್ಯ ಎರಡರ ಚಟವೂ ಇರುವವರಲ್ಲಿ ಬಾಯಿ ಮತ್ತು ಅನ್ನನಾಳದ ಕ್ಯಾನ್ಸರ್ ಮಿತಿಮೀರಿ ಕಂಡುಬರುವುದಕ್ಕೆ ಇದೂ ಒಂದು ಕಾರಣವಿರಬಹುದು.

ಇಲಿಗೆ ಬಂದದ್ದು ಮನುಷ್ಯನಿಗೆ ಬಂದೀತೇ?

ಇಲಿಯ ಕಥೆ ಇಲಿಗಾಯಿತು, ಮನುಷ್ಯನಿಗೇನು ಎಂಬ ಪ್ರಶ್ನೆ ಸಹಜವಾದದ್ದು. ಇದಕ್ಕೆ ಒಂದು ಪೀಠಿಕೆ ನಾರ್ವೆ ದೇಶದಲ್ಲಿ ನಡೆಯಿತು. ೧೯೬೦ರ ಸುಮಾರಿನಲ್ಲಿ ಅಲ್ಲಿ ತುಪ್ಪಳಕ್ಕಾಗಿ ಸಾಕುವ ಮಿಂಕ್ ಎಂಬ ಪ್ರಾಣಿಗಳೂ ಕುರಿಗಳೂ ಯಕೃತ್ತು ಕೆಟ್ಟು ಸಾಯತೊಡಗಿದವು. ಎಲ್ಲವೂ ತಿಂದಿದ್ದದ್ದು ಹೆರಿಂಗ್ ಮೀನಿನ ಹಿಟ್ಟು. ಆ ಮೀನು ಕೆಡದಿರಲೆಂದು ಸೋಡಿಯಂ ನೈಟ್ರೈಟ್ ಬೆರೆಸಿದ್ದರು. ಒಣಗಿಸುವ ಶಾಖದಲ್ಲಿ ಅದು ಮೀನಿನ ಅಮೀನುಗಳೊಡನೆ ಕೂಡಿ ಡೈಮೀಥೈಲ್‌ನೈಟ್ರೊಸಮೀನ್ ಆಗಿತ್ತು. ಎಂಡರ್ ಮತ್ತು ಸಂಗಡಿಗರು ೧೯೬೪ರಲ್ಲಿ ಇದನ್ನು ಬೇರ್ಪಡಿಸಿ ತೋರಿಸಿದರು. ಪ್ರಯೋಗಶಾಲೆಯ ಕುಪ್ಪಿಯಲ್ಲಿದ್ದ ವಸ್ತು ಮೇವಿನ ತೊಟ್ಟಿಯಲ್ಲೂ ಹುಟ್ಟಬಲ್ಲದೆಂದು ಲೋಕಕ್ಕೆ ಆಗ ತಿಳಿಯಿತು. ಮುಂದೆ ಮೀನಿನಿಂದ ಮಂಗನವರೆಗೆ ಸುಮಾರು ೪೦ ಜಾತಿಯ ಪ್ರಾಣಿಗಳಲ್ಲಿ ಈ ಕುಲದ ವಸ್ತುಗಳು ಕ್ಯಾನ್ಸರ್ ತರುವುದು ಸಿದ್ಧವಾಯಿತು.

ಮನುಷ್ಯನಿಗೆ ತಿನ್ನಿಸಿ ನೋಡುವುದು ಸಾಧ್ಯವೇ? ಸಾಧ್ಯವಿಲ್ಲ, ಯೋಚಿಸುವುದೂ ಪಾಪ. ಆದರೆ ಅಂಗಾಂಶದ ಬಿಲ್ಲೆಗಳ ಉಪಾಯ ಇತ್ತಲ್ಲ! ೧೯೭೦ರಲ್ಲಿ ಮಾಂಟೆಸಾನೊ ಮತ್ತು ಮೆಗೀ ಮನುಷ್ಯನ ಯಕೃತ್ತಿನ ಬಿಲ್ಲೆಗಳನ್ನು ಕುಪ್ಪಿಯಲ್ಲಿಟ್ಟು ಇಲಿಗೆ ಮಾಡಿದ ಪರೀಕ್ಷೆಯನ್ನೇ ಮಾಡಿದರು. ಮನುಷ್ಯನ ಯಕೃತ್ತು ಕೂಡ ಡೈಮೀಥೈಲ್‌ನೈಟ್ರೊಸಮೀನನ್ನು ಬಿಚ್ಚಿತು. ಬಿಚ್ಚಿದ ವೇಗ ಇಲಿಯದಕ್ಕೆ ಹೋಲಿಸಬಹುದಾದಷ್ಟೇ ಇತ್ತು. ನ್ಯೂಕ್ಲಿಯಿಕ್ ಆಮ್ಲಗಳ ಮೇಲೆ ಅದೇ ಕಲೆ ಮೂಡಿತು. ಹತ್ತು ವರ್ಷಗಳ ತರುವಾಯ, ಈ ವಿಷದಿಂದಲೇ ಸತ್ತನೆಂದು ಶಂಕಿಸಲಾದ ವ್ಯಕ್ತಿಯೊಬ್ಬನ ಯಕೃತ್ತನ್ನು ಅಮೆರಿಕದಲ್ಲಿ ಪರೀಕ್ಷಿಸಿದಾಗ ಡಿ.ಎನ್.ಎ.ಯಲ್ಲಿ ಏಳನೆಯ ಸ್ಥಾನದ ಕಲೆಯೂ ಆರನೆಯ ಸ್ಥಾನದ ಕಲೆಯೂ ಕಂಡವು. ಇಲಿಗೂ ಮನುಷ್ಯನಿಗೂ ನಡುವೆ ಇದೆಯೆಂದು ಭಾವಿಸಿದ್ದ ಗೋಡೆ ಅಲ್ಲಿಗೆ ಉರುಳಿತು.

ಕಣ್ಣೆದುರಿನ ಅಪಾಯ

ಮನುಷ್ಯನಿಗೆ ನೈಟ್ರೊಸಮೀನ್ ಎಲ್ಲಿಂದ ಬರುತ್ತದೆ? ಒಂದು ದಾರಿ ಅವನ ಹೊಟ್ಟೆಯೇ. ತರಕಾರಿ ಮತ್ತು ನೀರಿನಲ್ಲಿರುವ ನೈಟ್ರೇಟು ರಕ್ತಕ್ಕೆ ಸೇರಿ ಜೊಲ್ಲಿನಲ್ಲಿ ಇಳಿದು, ಬಾಯಿಯ ಸೂಕ್ಷ್ಮಾಣುಗಳಿಂದ ನೈಟ್ರೈಟ್ ಆಗುತ್ತದೆ. ಜಠರದ ಆಮ್ಲದಲ್ಲಿ ಅಮೀನು ಸಿಕ್ಕಿದರೆ ನೈಟ್ರೊಸಮೀನ್ ಹುಟ್ಟಬಹುದು. ಇದು ಮನುಷ್ಯನಲ್ಲಿ ನಿಜವಾಗಿ ನಡೆಯುವುದೆಂದು ೧೯೮೧ರಲ್ಲಿ ಓಶಿಮಾ ಮತ್ತು ಬಾರ್ಟ್ಷ್ ಒಂದು ಜಾಣ ಉಪಾಯದಿಂದ ತೋರಿಸಿದರು. ಪ್ರೋಲಿನ್ ಎಂಬ ನಿರಪಾಯಕರ ವಸ್ತುವನ್ನೂ ನೈಟ್ರೇಟುಳ್ಳ ಬೀಟ್‌ರೂಟಿನ ರಸವನ್ನೂ ಸೇವಿಸಿದಾಗ ಹೊಟ್ಟೆಯಲ್ಲಿ ನೈಟ್ರೊಸೊಪ್ರೋಲಿನ್ ಹುಟ್ಟಿ ಮೂತ್ರದಲ್ಲಿ ಹೊರಬಿದ್ದಿತು. ಅದು ಕುಲದಲ್ಲಿ ನೈಟ್ರೊಸಮೀನೇ. ಆದರೆ ಯಾವ ಅಂಗಾಂಶವೂ ಅದನ್ನು ಬಿಚ್ಚದು, ಬಂದಂತೆಯೇ ಹೋಗುತ್ತದೆ, ಆದುದರಿಂದಲೇ ಅದು ಕ್ಯಾನ್ಸರ್ ತರುವುದಿಲ್ಲ. ಬಿಚ್ಚುವವನಿಲ್ಲದಿದ್ದರೆ ವಿಷವೂ ಇಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಜಠರದಲ್ಲಿ ನಡೆಯುವ ಈ ಕೂಟವನ್ನು ಸಿ ಜೀವಸತ್ತ್ವ ತಡೆಯುವುದೆಂದು ಅಮೆರಿಕದ ಮಿರ್ವಿಶ್ ಮತ್ತು ಸಂಗಡಿಗರು ೧೯೭೨ರಲ್ಲಿ ಕಂಡರು. ತರಕಾರಿ ತನ್ನ ನೈಟ್ರೇಟಿನ ಜೊತೆಗೆ ಸಿ ಜೀವಸತ್ತ್ವವನ್ನೂ ತರುವುದರಿಂದ ಅದಕ್ಕೆ ಹೆದರಬೇಕಾಗಿಲ್ಲ. ನೆಲ್ಲಿಕಾಯಿ, ಸೀಬೆ, ನಿಂಬೆಗಳು ಊಟದಲ್ಲಿರುವುದು ಹಿತವೇ. ಆದರೆ ಆಗಲೇ ಹುಟ್ಟಿದ ನೈಟ್ರೊಸಮೀನನ್ನು ನೆಲ್ಲಿಕಾಯಿ ಒಡೆಯಲಾರದು ಎಂಬುದನ್ನು ಮರೆಯಬಾರದು.

ಇನ್ನೊಂದು ದಾರಿ ಔಷಧಗಳದು. ೨೦೧೮ರಲ್ಲಿ ರಕ್ತದೊತ್ತಡದ ವಾಲ್ಸಾರ್ಟಾನ್ ಗುಳಿಗೆಗಳಲ್ಲಿ ಡೈಮೀಥೈಲ್‌ನೈಟ್ರೊಸಮೀನಿನ ಲೇಶ ಸಿಕ್ಕಿ ಹಲವು ದೇಶಗಳು ಅವನ್ನು ಹಿಂತೆಗೆಸಿದವು. ೨೦೨೦ರ ಏಪ್ರಿಲಿನಲ್ಲಿ ಅಮೆರಿಕ ಸರ್ಕಾರದ ಔಷಧ ನಿಯಂತ್ರಣ ಇಲಾಖೆ ರಾನಿಟಿಡಿನ್ ಎಂಬ ಎದೆಯುರಿಯ ಔಷಧವನ್ನು ಮಾರುಕಟ್ಟೆಯಿಂದ ತೆಗೆಯುವಂತೆ ಕೇಳಿತು. ದಿನಕ್ಕೆ ೯೬ ನ್ಯಾನೊಗ್ರಾಂ ಎಂಬ ಮಿತಿ ಜಾರಿಗೆ ಬಂದಿದೆ. ಒಂದು ಗ್ರಾಮಿನ ನೂರು ಕೋಟಿಯಲ್ಲೊಂದು ಪಾಲು ಒಂದು ನ್ಯಾನೊಗ್ರಾಂ. ಜೀವಮಾನವೆಲ್ಲ ದಿನವೂ ಅಷ್ಟನ್ನು ಸೇವಿಸಿದರೂ ಲಕ್ಷಕ್ಕೆ ಒಬ್ಬರಿಗಿಂತ ಹೆಚ್ಚು ಮಂದಿಗೆ ಕ್ಯಾನ್ಸರ್ ಬರಬಾರದೆಂಬುದು ಆ ಲೆಕ್ಕದ ಆಧಾರ. ಇಷ್ಟು ಬಿಗಿಯಾದ ಮಿತಿಗೆ ಕಾರಣವೂ ಉಂಟು. ಇಂಗ್ಲೆಂಡಿನಲ್ಲಿ ೪೦೮೦ ಇಲಿಗಳ ಮೇಲೆ ನಡೆದು ೧೯೯೧ರಲ್ಲಿ ಪೂರ್ಣವಾಗಿ ಪ್ರಕಟವಾದ ಪರೀಕ್ಷೆಯಲ್ಲಿ, ಕುಡಿಯುವ ನೀರಿನ ಹತ್ತು ಲಕ್ಷ ಭಾಗಕ್ಕೆ ಒಂದು ಭಾಗ ನೈಟ್ರೊಸಮೀನ್ ಇದ್ದಾಗ ನೂರಕ್ಕೆ ೨೫ ಇಲಿಗಳಿಗೆ ಯಕೃತ್ತಿನ ಗಡ್ಡೆ ಬಂದಿತು. ಹತ್ತನೆಯ ಒಂದು ಭಾಗವಿದ್ದಾಗ ಸುಮಾರು ಎರಡೂವರೆ. ಪ್ರಮಾಣ ಇಳಿದಷ್ಟೂ ಅಪಾಯ ಇಳಿಯಿತು. ಇದಕ್ಕಿಂತ ಕೆಳಗೆ ಅಪಾಯವೇ ಇಲ್ಲವೆಂಬ ಗೆರೆ ಮಾತ್ರ ಕಾಣಲಿಲ್ಲ. ಆದರೂ ಇಂಥ ಸುದ್ದಿ ಕೇಳಿದೊಡನೆ ರಕ್ತದೊತ್ತಡದ ಗುಳಿಗೆಯನ್ನು ಕಿಟಕಿಯಾಚೆ ಎಸೆಯುವುದು ಅವಿವೇಕ. ವೈದ್ಯರನ್ನು ಕೇಳಿ ಬದಲಿಸಿಕೊಳ್ಳುವುದು ವಿವೇಕ.

ನ್ಯಾನೊಗ್ರಾಮುಗಳ ಲೆಕ್ಕಕ್ಕೆ ಬೆಚ್ಚಿಬೀಳುವ ಜನ ಸೊಂಟದ ಚೀಲದಲ್ಲಿರುವುದನ್ನು ಮರೆಯುತ್ತಾರೆಂಬುದೇ ವಿಷಾದದ ಸಂಗತಿ. ಹೊಗೆಸೊಪ್ಪನ್ನು ಒಣಗಿಸಿ ಹದಮಾಡುವಾಗ ಅದರ ನಿಕೋಟಿನ್ ಮುಂತಾದ ಸತ್ತ್ವಗಳಿಂದಲೇ ಎರಡು ವಿಶೇಷ ನೈಟ್ರೊಸಮೀನುಗಳು ಹುಟ್ಟುತ್ತವೆ. ವಿಜ್ಞಾನಿಗಳು ಅವನ್ನು ಎನ್.ಎನ್.ಎನ್. ಮತ್ತು ಎನ್.ಎನ್.ಕೆ. ಎಂದು ಕರೆಯುತ್ತಾರೆ. ಸುಡದ ಹೊಗೆಸೊಪ್ಪಿನಲ್ಲಿ ಮೊದಲನೆಯದು ೧೯೭೪ರಲ್ಲೇ ಪತ್ತೆಯಾಯಿತು. ಸುಟ್ಟರೆ ತಾನೆ ಅಪಾಯ, ಜಗಿದರೇನು ಎಂಬ ಸಮಾಧಾನಕ್ಕೆ ಇಲ್ಲಿ ಆಸ್ಪದವಿಲ್ಲ. ಕರ್ನಾಟಕದ ಹಳ್ಳಿಪಟ್ಟಣಗಳಲ್ಲಿ ಎಲೆಯಡಿಕೆಯೊಡನೆ ಬಾಯಿಗೆ ಬೀಳುವ ಹೊಗೆಸೊಪ್ಪಾಗಲಿ ಕಡ್ಡಿಪುಡಿಯಾಗಲಿ ಈ ನೈಟ್ರೊಸಮೀನುಗಳನ್ನು ಜೊಲ್ಲಿಗೆ ಬಿಡುತ್ತವೆ. ಇಲಿಗಳ ಬಾಯಿಗೆ ಇವೆರಡನ್ನೂ ಹಚ್ಚಿದಾಗ ಬಾಯಲ್ಲಿ ಗಡ್ಡೆಗಳೆದ್ದವು. ಎನ್.ಎನ್.ಕೆ.ಯನ್ನು ಯಾವ ಮಾರ್ಗದಲ್ಲಿ ಕೊಟ್ಟರೂ ಅದು ಹುಡುಕಿಕೊಂಡು ಹೋಗುವುದು ಶ್ವಾಸಕೋಶಕ್ಕೆ. ಅದನ್ನು ಬಿಚ್ಚುವ ಕಿಣ್ವ ಅಲ್ಲಿದೆ. ಡೈಮೀಥೈಲ್‌ನೈಟ್ರೊಸಮೀನನ್ನು 'ಪ್ರಾಯಶಃ' ಮನುಷ್ಯನಿಗೆ ಕ್ಯಾನ್ಸರ್‌ಕಾರಕ ಎಂಬ ವರ್ಗದಲ್ಲಿಟ್ಟಿರುವ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ, ೨೦೦೭ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ ಈ ಎರಡಕ್ಕೆ 'ಪ್ರಾಯಶಃ' ಎಂಬ ಮಾತನ್ನೂ ಉಳಿಸಲಿಲ್ಲ. ನಿಶ್ಚಿತವಾದ ಕ್ಯಾನ್ಸರ್‌ಕಾರಕಗಳೆಂದೇ ತೀರ್ಮಾನಿಸಿತು.

ಈ ವಿದ್ಯೆಯಿಂದ ಒಂದು ಉಪಕಾರವೂ ಆಗಿದೆ. ಟೆಮೊಜೊಲೊಮೈಡ್ ಎಂಬ ಔಷಧ ಶರೀರದೊಳಗೆ ತಾನೇ ಬಿಚ್ಚಿಕೊಂಡು, ನೈಟ್ರೊಸಮೀನು ಹಾರಿಸುವ ಮೀಥೈಲಿನ ಕಿಡಿಯನ್ನೇ ಹಾರಿಸುತ್ತದೆ. ಮೆದುಳಿನ ಗಡ್ಡೆಯ ಕೋಶಗಳನ್ನು ಕೊಲ್ಲುವುದಕ್ಕೆ ವೈದ್ಯರು ಇದನ್ನು ಬಳಸುತ್ತಾರೆ. ಗಡ್ಡೆಯ ಕೋಶಗಳಲ್ಲಿ ಕಲೆ ತೊಳೆಯುವ ಪ್ರೋಟೀನ್ ಅಡಗಿಹೋಗಿದ್ದರೆ ಔಷಧದ ಫಲ ಹೆಚ್ಚೆಂದು ೨೦೦೫ರಲ್ಲಿ ತಿಳಿದುಬಂದಿತು. ಇಲಿಯ ಮೆದುಳಿಗೆ ಶಾಪವಾದ ದೌರ್ಬಲ್ಯವೇ ಇಲ್ಲಿ ರೋಗಿಗೆ ವರವಾಗಿದೆ.

ಆದರೆ ಕಾಯಿಲೆ ಬಂದ ಮೇಲಿನ ವರಕ್ಕಿಂತ ಬರದಂತೆ ಕಾಯುವುದು ಮೇಲು. ಯಕೃತ್ತಿನ ಕಿಣ್ವವನ್ನು ಬದಲಾಯಿಸಿಕೊಳ್ಳುವುದು ಯಾರ ಕೈಯಲ್ಲೂ ಇಲ್ಲ. ಬಾಯಿಯ ಅಂಗಾಂಶಕ್ಕೆ ಗಂಟು ಬಿಚ್ಚಬೇಡವೆಂದು ಹೇಳಿದರೆ ಅದು ಕೇಳುವುದಿಲ್ಲ. ಕೈಗೆ ಬಂದುದನ್ನೆಲ್ಲ ಬಿಚ್ಚಿ ನೋಡುವುದು ಅವುಗಳ ಧರ್ಮ. ಯಾವ ಗಂಟನ್ನು ಒಳಕ್ಕೆ ಬಿಡಬೇಕು, ಯಾವುದನ್ನು ಬಾಗಿಲಲ್ಲೇ ತಡೆಯಬೇಕು ಎಂಬುದಷ್ಟೇ ಮನುಷ್ಯನ ವಶದಲ್ಲಿರುವುದು. ಊಟವಾದ ಮೇಲೆ ಎಲೆಗೆ ಸುಣ್ಣ ಸವರಿ ಹೊಗೆಸೊಪ್ಪಿನ ಚೂರಿಗಾಗಿ ಚೀಲಕ್ಕೆ ಕೈಹಾಕುವ ಯಜಮಾನರು ಆ ಗಳಿಗೆಯಲ್ಲಿ ಇಷ್ಟನ್ನು ನೆನೆದು ಬರಿಗೈಯನ್ನು ಹೊರಕ್ಕೆ ತೆಗೆದರೆ, ಕಾರ್ಶಾಲ್ಟನ್ನಿನ ಬಿಳಿ ಇಲಿಗಳು ಪಟ್ಟ ಪಾಡಿಗೆ ಒಂದು ಸಾರ್ಥಕತೆ ಬಂದಂತಾಗುತ್ತದೆ.